ಹೆಂಗಸರ ಬಾಗಿಲಲ್ಲಿ ನಿಂತವರು

"ಚಪ್ಪಲಿ ಹೊರಗಿಡಿ, ಕಷ್ಟ ಇದ್ರೆ ಒಳಕ್ಕೆ ತನ್ನಿ."

ರಾಮನಗರದ ಹೊಸ ದೊಡ್ಡ ಮಸೀದಿಯನ್ನು ನೋಡಲು ಹೋದ ಹೆಂಗಸರ ಕಿವಿಗೆ ಮೊದಲು ಬೀಳುತ್ತಿದ್ದ ಮಾತು ಇದು. ಹೇಳುತ್ತಿದ್ದವರು ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಆಪಾ ಎನ್ನುತ್ತಿದ್ದೆ, ಅಂದರೆ ಅಕ್ಕ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಯಾರಾದರೂ ಫೋಟೋ ತೆಗೆಯಲು ಬಂದರೆ ಸೆರಗನ್ನು ಮುಖಕ್ಕೆ ಎಳೆದುಕೊಂಡು, "ಮಸೀದೀದು ತೆಗೀರಮ್ಮ, ಬಾಗ್ಲಲ್ಲಿ ನಿಂತೋಳ್ದು ಯಾತಕ್ಕೆ?" ಎನ್ನುತ್ತಿದ್ದರು. ಈಗ ನಾನು ಹೆಸರು ಹಾಕಿದರೆ ಮೇಲಿಂದಲೇ ಬೈದಾರು.

ಅವರು ಹೋಗಿ ತಿಂಗಳಾಗುತ್ತಾ ಬಂತು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಅದೇ ಮಸೀದಿಯ ಅಂಗಳದಲ್ಲಿ ಅವರನ್ನು ಇಳಿಸಿ ಪ್ರಾರ್ಥನೆ ಮಾಡಿದರು. ಆಮೇಲೆ ಗಂಡಸರು ಹೊತ್ತುಕೊಂಡು ಖಬರಸ್ತಾನಕ್ಕೆ ನಡೆದರು. ಅವರಲ್ಲಿ ಹೆಂಗಸರು ಮಣ್ಣಿಗೆ ಹೋಗುವ ರೂಢಿಯಿಲ್ಲ. ಚನ್ನಪಟ್ಟಣಕ್ಕೆ ಕೊಟ್ಟಿದ್ದ ಅವರ ಮಗಳೂ ನಾನೂ ಮನೆಯ ಬಾಗಿಲಲ್ಲೇ ಉಳಿದೆವು. ಆ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನಾನು ಅನ್ನ, ಬೇಳೆಸಾರು ಮಾಡಿಕೊಂಡು ಹೋಗಿದ್ದೆ. ಮಗಳು ಬೇಡ ಬೇಡ ಎಂದು ಕೊನೆಗೆ ಒಂದೆರಡು ತುತ್ತು ತಿಂದಳು. ಅಷ್ಟಾದರೂ ಗಂಟಲಲ್ಲಿ ಇಳಿಯಿತಲ್ಲ ಎಂದು ನಮ್ಮ ಕಬ್ಬಾಳಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ. ಸಂಜೆ ಮನೆಗೆ ಬಂದು ತಲೆಗೆ ನೀರು ಹುಯ್ದುಕೊಳ್ಳುವಾಗ ಬಚ್ಚಲಲ್ಲಿ ಕೂತು ಚೆನ್ನಾಗಿ ಅತ್ತೆ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅದೂ ದೇವರು ಕೊಟ್ಟಿದ್ದೇ.

ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಆಪಾ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು. ಬೇಯುವ ಗೂಡುಗಳ ನಡುವೆ ಬಿಸಿನೀರಿನಲ್ಲಿ ಕೈಯಾಡಿಸುತ್ತಾ ಎಳೆ ಹುಡುಕಿ ರಾಟೆಗೆ ಹಚ್ಚುವ ಕೆಲಸ. ಆ ನೀರಿಗೆ ಅವರ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಲಿದು, ನೆನೆಸಿ ಸಿಪ್ಪೆ ಬಿಡಿಸಿದ ಬಾದಾಮಿಯ ಹಾಗಿದ್ದವು. ಗಂಡ ಹೋದಾಗ ಮಗಳು ಇನ್ನೂ ಚಿಕ್ಕವಳು. ಆ ಬಿಸಿನೀರಿನಲ್ಲೇ ಅವಳನ್ನು ಓದಿಸಿ ಮದುವೆ ಮಾಡಿದರು. ಹುಳದ ವಾಸನೆ ಮೈಗೆ ಹತ್ತಿದೆ ಎಂದು ಅವರಿಗೆ ಯಾವಾಗಲೂ ಸಂಕೋಚ. ನಮ್ಮ ಮನೆಗೆ ಬಂದರೆ ಹಿತ್ತಲ ಬಾಗಿಲಲ್ಲೇ ಕೂರುವರು. ನಮ್ಮತ್ತೆ, "ಒಳಕ್ಕೆ ಬಾ ತಾಯಿ, ನಮ್ಮನೇಲೇನು ಮಲ್ಲಿಗೆ ವಾಸ್ನೆ ಬತ್ತಾ ಐತಾ? ಎಮ್ಮೆ ಕಟ್ಟಿದ್ದೀವಿ" ಎಂದು ಗದರುತ್ತಿದ್ದರು.

ಅವರ ಒಂದು ಅಭ್ಯಾಸ ಹೇಳಬೇಕು. ಯಾವ ಹೆಂಗಸು ಎದುರಿಗೆ ಬಂದರೂ ಮೊದಲು ಅವಳ ಸೆರಗಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸವರುವರು. "ಇದು ನಮ್ಮೂರಿನ ನೂಲೇ ಕಣಮ್ಮಣ್ಣಿ" ಎಂದೋ, "ಯಾರೋ ನಿಂಗೆ ನೈಲಾನ್ ತೊಡಿಸವ್ರೆ" ಎಂದೋ ಹೇಳಿ ನಗುವರು. ಎಲ್ಲರೂ ಅದನ್ನು ಪ್ರೀತಿ ಎಂದುಕೊಂಡಿದ್ದರು. ಪ್ರೀತಿಯೂ ಹೌದು.

ನಮ್ಮೂರಿನಲ್ಲಿ ಹಳೆಯ ಮಸೀದಿಗಳು ಬೇಕಾದಷ್ಟಿವೆ. ಆದರೆ ಅವರ ಮೊಹಲ್ಲಾದ ಮಸೀದಿಯಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಮನೆಯ ಮೂಲೆಯಲ್ಲೇ ಚಾಪೆ ಹಾಸಿ ನಮಾಜು ಮಾಡುವುದು. ಈ ಹೊಸ ಮಸೀದಿ ಕಟ್ಟಿದಾಗ ಮಹಡಿಯ ಮೇಲೆ ಹೆಂಗಸರಿಗೆಂದೇ ದೊಡ್ಡ ಹಾಲ್ ಮಾಡಿದರು. ಬೇರೆ ಬಾಗಿಲು, ಬೇರೆ ಮೆಟ್ಟಿಲು, ಕೈಕಾಲು ತೊಳೆಯಲು ಬೇರೆ ನಲ್ಲಿ. ಆಪಾ ಮೊದಲ ದಿನ ಅಲ್ಲಿಗೆ ಹೋಗಿ ಬಂದವರು ನಮ್ಮ ಹಿತ್ತಲಿಗೆ ಬಂದು ಗೋಡೆಗೊರಗಿ ಕೂತರು. ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ಏನಾಯ್ತು ಆಪಾ?"

"ಏನಿಲ್ಲ. ತಲೆ ಬಗ್ಸಿದೆ. ಏಳೋಕೇ ಮನಸ್ಸು ಬರ್ಲಿಲ್ಲ." ಎರಡು ಕಾಯಿ ಸುಲಿದರು. "ಅರವತ್ತು ವರ್ಷ ಗೋಡೆ ಆಚೆಯಿಂದ ಬಾಂಗ್ ಕೇಳ್ದೋಳು ನಾನು. ಒಳಗಡೆ ಬಾಂಗ್ ಹೆಂಗೆ ಕೇಳ್ತದೆ ಗೊತ್ತಾ? ತಲೆ ಮೇಲೆ ಯಾರೋ ಕೈ ಇಟ್ಟಂಗೆ."

ನನಗೆ ಅರ್ಥವಾಯಿತು. ಬಾಗಿಲ ಆಚೆ ನಿಲ್ಲುವುದು ನಮಗೂ ಗೊತ್ತಿಲ್ಲದ್ದಲ್ಲ. ತಿಂಗಳಲ್ಲಿ ಕೆಲವು ದಿನ ನಾನೂ ಗುಡಿಯ ಬೀದಿಯನ್ನೇ ತುಳಿಯುವುದಿಲ್ಲ.

ಆಮೇಲೆ ಮಸೀದಿಯವರು ತಿಂಗಳಿಗೊಂದು ಭಾನುವಾರ ಯಾವ ಜಾತಿಯವರಾದರೂ ಬಂದು ನೋಡಿ ಎಂದು ಬಾಗಿಲು ತೆರೆದರು. ಕನಕಪುರ, ಮಾಗಡಿ ಕಡೆಯಿಂದೆಲ್ಲ ಜನ ಬರತೊಡಗಿದರು. ಬಂದ ಹೆಂಗಸರಿಗೆ ತಲೆಗೆ ಹೊದೆಯಲು ದುಪಟ್ಟಾ ಕೊಟ್ಟು, ಒಳಗೆ ಕರೆದುಕೊಂಡು ಹೋಗಿ ತೋರಿಸುವವರು ಬೇಕಾಗಿತ್ತು. ಮಸೀದಿಯ ಕಾರ್ಯದರ್ಶಿಗಳು ಒಬ್ಬ ನಿವೃತ್ತ ಮೇಷ್ಟ್ರು. ಅವರು ಕೇಳಿದಾಗ ಓದಿದ ಹೆಂಗಸರು ನಾನು ನೀನು ಎಂದು ಹಿಂದೆ ಸರಿದರಂತೆ. ಆಪಾ, "ನಾನು ನಿಲ್ತೀನಿ ಮೇಷ್ಟ್ರೆ. ನಂಗೆ ಹೇಳೋಕೆ ಬರಲ್ಲ, ಕರ್ಯೋಕೆ ಬತ್ತದೆ" ಎಂದರಂತೆ.

ಕರೆಯುವುದನ್ನು ಅವರಿಂದ ಕಲಿಯಬೇಕು. ಮಂದಿ ಗೇಟಿನ ಹತ್ತಿರ ಬಂದು ಅನುಮಾನದಲ್ಲಿ ನಿಲ್ಲುತ್ತಾರೆ. ಹೋಗಬಹುದೋ ಬಾರದೋ, ಕುಂಕುಮ ಇದೆ, ಕೈಯಲ್ಲಿ ಮಗು ಇದೆ, ಮಗು ಒದ್ದೆ ಮಾಡಿದರೆ? ಆಪಾ ಅಲ್ಲಿಂದಲೇ, "ಬನ್ನಿ ಬನ್ನಿ, ಮಗೂನೂ ತನ್ನಿ, ಉಚ್ಚೆ ಹುಯ್ದ್ರೆ ಒರೆಸೋಣ, ನಮ್ಮ ಮಕ್ಳೇನು ಹುಯ್ಯಲ್ವಾ?" ಎನ್ನುವರು. ನಗುತ್ತಾ ಒಳಗೆ ಬರುತ್ತಿದ್ದರು. ದುಪಟ್ಟಾಗಳನ್ನು ಅವರೇ ಮನೆಗೆ ತಂದು ಒಗೆದು, ಮಡಿಸಿ, ಬುಟ್ಟಿಯಲ್ಲಿ ಜೋಡಿಸುತ್ತಿದ್ದರು. ಬಂದವರಲ್ಲಿ ಎಲ್ಲರಿಗಿಂತ ವಯಸ್ಸಾದ ಅಜ್ಜಿಯನ್ನು ಹುಡುಕಿ, "ಬಾ ಅಜ್ಜಿ, ನನ್ನ ತೋಳು ಹಿಡ್ಕೋ" ಎಂದು ಜೊತೆ ಮಾಡಿಕೊಂಡು ಮುಂದೆ ನಡೆಯುವರು. ಮಿಕ್ಕವರು ಹಿಂದೆ. ಎಷ್ಟು ಒಳ್ಳೆಯ ಹೆಂಗಸು, ವಯಸ್ಸಾದವರನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ, ಆ ತೂಗುದೀಪದ ಭಾನುವಾರದ ತನಕ.

ಆ ದಿನ ಮರಳವಾಡಿಯಿಂದ ನನ್ನ ಚಿಕ್ಕಮ್ಮನ ಸೊಸೆಯಂದಿರು ಬಂದಿದ್ದರು. ಅವರ ಜೊತೆ ನಾನೂ ಹೋಗಿದ್ದೆ. ದೊಡ್ಡ ಹಾಲಿನ ನಡುವೆ ಗುಮ್ಮಟದ ಕೆಳಗೆ ನಿಂತು ಆಪಾ ಕೈ ಎತ್ತಿದರು. "ಈಗ ಮೇಲೆ ನೋಡಿ. ಗಾಜಿನ ದೀಪದ ಗೊಂಚಲು ಹೆಂಗೆ ಹೊಳೀತಾ ಐತೆ ನೋಡಿ. ಅದ್ನೇ ನೋಡ್ತಾ ನಿಂತ್ರೆ ಕತ್ತು ನೋವೂ ಗೊತ್ತಾಗಲ್ಲ."

ಎಲ್ಲರೂ ಕತ್ತೆತ್ತಿದೆವು. ಮೇಲೆ ಬರಿಯ ಕೊಕ್ಕೆ ಇತ್ತು. ದೀಪದ ಗೊಂಚಲನ್ನು ತೊಳೆಯಲು ಇಳಿಸಿ ಮೂಲೆಯಲ್ಲಿ ಬಟ್ಟೆ ಮುಚ್ಚಿ ಇಟ್ಟಿದ್ದರು.

"ಎಲ್ಲಮ್ಮಾ? ಕೊಕ್ಕೆ ನೇತಾಡ್ತೈತೆ" ಎಂದಳು ಒಬ್ಬಳು. ಯಾರೋ ಕಿಸಕ್ಕೆಂದರು.

ಆಪಾ ಎತ್ತಿದ ಕೈ ಹಾಗೇ ಇತ್ತು. ಆ ಮುಖವನ್ನು ನಾನು ನೋಡಿದೆ. ಕಣ್ಣು ಮೇಲೆಯೇ ಇತ್ತು. ಆದರೆ ಹುಡುಕುತ್ತಿರಲಿಲ್ಲ.

ನನ್ನ ಬಾಯಿಗೆ ಆ ಹೊತ್ತಿನಲ್ಲಿ ಮಾತು ಕೊಟ್ಟವಳು ನಮ್ಮ ಕಬ್ಬಾಳಮ್ಮನೇ ಇರಬೇಕು. "ಇವತ್ತು ತೊಳ್ಯೋಕೆ ಇಳಿಸವ್ರೆ ಕಣೇ. ಆಪಾ ದಿನಾ ಇರೋದನ್ನ ಹೇಳ್ತಾವ್ರೆ. ಮುಂದಿನ್ಸಲ ಬಾ, ನೋಡೀವಂತೆ" ಎಂದೆ.

"ಹೂಂ ಹೂಂ, ಬಾಯಿಪಾಠ ಆಗೋಗೈತೆ ನಂಗೆ" ಎಂದು ಆಪಾ ನಕ್ಕರು. ಎಲ್ಲರೂ ನಕ್ಕರು. ಮುಂದಕ್ಕೆ ನಡೆದರು. ಆಗ ನಾನು ಅವರ ಕಾಲು ನೋಡಿದೆ. ಜಮಖಾನದಲ್ಲಿ ನಮಾಜಿನ ಸಾಲುಗಳಿಗೆಂದು ನೇಯ್ದ ಉಬ್ಬಿದ ಅಂಚು ಇರುತ್ತದೆ. ಹೆಬ್ಬೆರಳಿಂದ ಆ ಅಂಚನ್ನು ಮುಟ್ಟಿ ಮುಟ್ಟಿ ಹೆಜ್ಜೆ ಇಡುತ್ತಿದ್ದರು. ತೋಳು ಹಿಡಿದಿದ್ದ ಅಜ್ಜಿಯನ್ನು ಅವರು ನಡೆಸುತ್ತಿರಲಿಲ್ಲ, ಅಜ್ಜಿಯೇ ಅವರನ್ನು ನಡೆಸುತ್ತಿದ್ದಳು. ಪಾಪ, ಆ ಅಜ್ಜಿಗೂ ಗೊತ್ತಿರಲಿಲ್ಲ.

ಸೊಸೆಯಂದಿರನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಆಪಾ ನಿಂತರು.

"ನಿಂಗೆ ಗೊತ್ತಾಯ್ತಲ್ವಾ?"

"ಹೂಂ ಆಪಾ. ಎಷ್ಟು ದಿನದಿಂದ?"

"ಸಕ್ರೆ ಕಾಯ್ಲೆ ತಿಂದಾಕ್ತು. ಬೆಂಗ್ಳೂರಲ್ಲಿ ತೋರ್ಸಿದ್ದಾಯ್ತು, ಕಣ್ಣ ಹಿಂದಿನ ನರ ಹೋಗೈತೆ, ಬರಲ್ಲ ಅಂದ್ಬುಟ್ರು. ಬೆಳಕು ಕತ್ಲೆ ಒಸಿ ಗೊತ್ತಾಗ್ತದೆ. ಮಗ್ಳಿಗೆ ಮಬ್ಬು ಅಂತ ಹೇಳಿದ್ದೀನಿ, ಇಷ್ಟು ಅಂತ ಹೇಳಿಲ್ಲ." ನನ್ನ ಸೆರಗಿನ ಅಂಚನ್ನು ಹಿಡಿದುಕೊಂಡರು. "ನನ್ನಾಣೆ, ಯಾರ್ಗೂ ಹೇಳಬ್ಯಾಡ. ಗೊತ್ತಾದ್ರೆ ಬಾಗ್ಲಿಂದ ಕೂರ್ಸ್ಬುಡ್ತಾರೆ. ಅದೊಂದು ಹೋದ್ರೆ ನಂಗೆ ಇನ್ನೇನೈತೆ ಹೇಳು."

ಎಳೆ ಹುಡುಕುವ ಕೆಲಸದಲ್ಲಿ ಅವರ ಬೆರಳು ಕಣ್ಣಿಗಿಂತ ಮೊದಲೇ ನೋಡುತ್ತಿತ್ತು. ಹಾಗಾಗಿ ಕಣ್ಣು ಹೋದದ್ದು ಶೆಡ್ಡಿನಲ್ಲೂ ಯಾರಿಗೂ ತಿಳಿಯಲಿಲ್ಲ. ಮಗಳು ಹಟ ಮಾಡಿ ಬಿಡಿಸುವ ತನಕ ಅವರು ಕೆಲಸ ಮಾಡುತ್ತಲೇ ಇದ್ದರು. ಸೆರಗು ಸವರುತ್ತಿದ್ದುದೂ ಎದುರಿಗಿರುವವರು ಯಾರು ಎಂದು ತಿಳಿಯಲಿಕ್ಕೆ ಎಂಬುದು ನನಗೆ ಆಗ ಹೊಳೆಯಿತು.

ನಾನು ಯಾರಿಗೂ ಹೇಳಲಿಲ್ಲ. ಬದಲಿಗೆ ಒಂದು ಕೆಲಸ ಹಿಡಿದೆ. ಪ್ರತಿ ಸಲವೂ ಆ ಭಾನುವಾರದ ಹಿಂದಿನ ದಿನ ಒಗೆದ ದುಪಟ್ಟಾಗಳ ಬುಟ್ಟಿ ಇಡುವ ನೆಪದಲ್ಲಿ ಮಸೀದಿಗೆ ಹೋಗಿ ಒಂದು ಸುತ್ತು ಹಾಕಿ ಬರುವುದು. ಬಂದು ಹಿತ್ತಲಲ್ಲಿ ಕೂತು ವರದಿ ಒಪ್ಪಿಸುವುದು. "ದೀಪ ಮತ್ತೆ ಕಟ್ಟವ್ರೆ ಆಪಾ. ಮೆಟ್ಲತ್ರ ಹೊಸ ಹೂಕುಂಡ ಇಟ್ಟವ್ರೆ, ಎಡಗಡೆ. ಕಿಟಕಿ ಗಾಜು ಹಸಿರೂ ನೀಲಿ, ಬೆಳಗ್ಗೆ ಹತ್ತರ ಬಿಸ್ಲಿಗೆ ನೆಲದ್ಮೇಲೆ ನವಿಲುಗರಿ ಚೆಲ್ಲಿದಂಗೆ ಬೀಳ್ತದೆ."

"ನವಿಲುಗರಿನಾ? ಅದ್ನ ಹೇಳ್ತೀನಿ ನಾಳೆ" ಎಂದು ಖುಷಿಪಡುವರು. ಮಾರನೇ ದಿನ ನಾನು ಕೊಟ್ಟ ಮಾತನ್ನು ಅವರು ಬಂದವರಿಗೆ ಹಂಚುವುದನ್ನು ಹಿಂದೆ ನಿಂತು ಕೇಳುತ್ತಿದ್ದೆ. ನನಗಿಂತ ಚೆನ್ನಾಗಿ ಹೇಳುತ್ತಿದ್ದರು.

ನಮ್ಮ ಯಜಮಾನರು, "ಏನೇ, ಮಸೀದಿಗೆ ಸೂಪರ್‌ವೈಜರ್ ಆಗ್ಬುಟ್ಯಾ?" ಎಂದು ರೇಗಿಸುವರು. ಅತ್ತೆ ಇನ್ನೂ ಒಂದು ಕೈ ಮೇಲೆ. "ಕಬ್ಬಾಳಿಗೆ ಹೋಗೋಣ ಬಾ ಅಂದ್ರೆ ಮಂಡಿ ನೋವು ಅಂತೀಯ. ಅಲ್ಲಿ ಮಹಡಿ ಹತ್ತೋಕೆ ಮಂಡಿ ಎಲ್ಲಿಂದ ಬಂದ್ವು?" ಕಬ್ಬಾಳಮ್ಮನಿಗೂ ಹೋಗಿದ್ದೆ. ಆಪಾ ಕಣ್ಣಿಗಾಗಿ ಹರಕೆ ಹೊತ್ತಿದ್ದೆ. ಕುಂಕುಮದ ಪೊಟ್ಟಣ ತಂದು ಹೇಳಿದಾಗ ಅವರು ಗಂಭೀರವಾಗಿ, "ನಿಮ್ಮಮ್ಮಂಗೆ ಎರಡೂ ಕೇಳ್ಬ್ಯಾಡ, ಒಂದು ಸಾಕು ಅನ್ನು. ದುರಾಸೆ ಅಂದ್ಕೊಂಡಾಳು" ಎಂದರು. ಇಬ್ಬರೂ ನಕ್ಕೆವು. ಅಮ್ಮ ಕಣ್ಣು ಕೊಡಲಿಲ್ಲ. ಆದರೆ ಆ ಗುಟ್ಟನ್ನು ಬಹಳ ಕಾಲ ಕಾದಳು. ಒಂದು ಮಳೆಗಾಲ ಕಳೆಯಿತು, ಅವರೆ ಸೊಗಡು ಕಳೆಯಿತು, ಮಾವು ಬಂತು ಹೋಯಿತು. ಆಪಾ ಬಾಗಿಲಲ್ಲೇ ಇದ್ದರು. ನಾನು ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಗೆ ಕೈಕೊಟ್ಟದ್ದು ಒಂದು ಗಾಜಿನ ಬಾಗಿಲು. ಹೆಂಗಸರ ಹಾಲಿಗೆ ಏಸಿ ಹಾಕಿಸಿದರು. ತಂಪು ಹೊರಗೆ ಹೋಗದ ಹಾಗೆ ನೆಲದಿಂದ ಮೇಲಿನ ತನಕ ಗಾಜು ಕೂರಿಸಿದರು. ಶನಿವಾರ ನಾನು ಹೋದಾಗ ಅಲ್ಲಿ ಏನೂ ಇರಲಿಲ್ಲ. ಕೆಲಸದವರು ಭಾನುವಾರ ಮುಂಜಾನೆ ಬಂದು ಕೂರಿಸಿ, ಒರೆಸಿ, ಫಳಫಳ ಮಾಡಿ ಹೋಗಿದ್ದರು. ಆಪಾ ಒಬ್ಬ ಅಜ್ಜಿಯ ತೋಳು ಹಿಡಿದು ಮಾತಾಡುತ್ತಾ ಬಂದವರು ಆ ಗಾಜಿಗೆ ಹೋಗಿ ಹಣೆ ಹೊಡೆದುಕೊಂಡರು. ಅಜ್ಜಿ ನಿಂತಿದ್ದಳು, ಇವರು ನಿಲ್ಲಲಿಲ್ಲ. ಸದ್ದು ಕೆಳಗಿನ ತನಕ ಕೇಳಿಸಿತು.

ಹಣೆಯಿಂದ ಒಂದು ಗೆರೆ ರಕ್ತ ಇಳಿಯುತ್ತಿತ್ತು. ಅವರು ಮೊದಲು ಹಿಂದಕ್ಕೆ ತಿರುಗಿ, "ಯಾರ್ಗೂ ಏನೂ ಆಗ್ಲಿಲ್ವಲ್ಲ?" ಎಂದರು. ಆಮೇಲೆ, "ಇಷ್ಟು ಚೆನ್ನಾಗಿ ಒರೆಸಿದ್ರೆ ಹೆಂಗಪ್ಪಾ, ಒಸಿ ಕೊಳೆ ಬುಡ್ಬೇಕು" ಎಂದರು. ಜನ ನಕ್ಕರು, ನೀರು ತಂದರು, ಬಟ್ಟೆ ಒತ್ತಿದರು. ಸದ್ದು ಕೇಳಿ ಓಡಿಬಂದ ಮೇಷ್ಟ್ರು ಮಾತ್ರ ನಗಲಿಲ್ಲ. ನೀರಿನ ಲೋಟವನ್ನು ಅವರ ಮುಂದೆ ಹಿಡಿದು ಸುಮ್ಮನೆ ನಿಂತರು. ಆಪಾ ಕೈ ಲೋಟದ ಪಕ್ಕದಲ್ಲಿ ಗಾಳಿಯನ್ನು ಹಿಡಿಯಿತು.

ಸಂಜೆ ಮೇಷ್ಟ್ರು ಆಪಾ ಮನೆಗೆ ಬಂದರು, ನಾನೂ ಅಲ್ಲೇ ಇದ್ದೆ. ಹೊಸ್ತಿಲ ಹತ್ತಿರ ಕೂತರು. ಅಮ್ಮಾ ಎಂದು ಕರೆದರು.

"ನೀವು ಬಿದ್ದುಗಿದ್ದು ಹೋದ್ರೆ ನಾನು ಅಲ್ಲಾಗೆ ಏನು ಉತ್ತರ ಕೊಡ್ಲಿ?"

"ಬೀಳ್ಲಿಲ್ವಲ್ಲ ಮೇಷ್ಟ್ರೆ. ತಗುಲ್ದೆ, ಅಷ್ಟೆ."

"ನಮಾಜಿಗೆ ಬನ್ನಿ. ಏಸಿ ಹತ್ರ ಕುರ್ಚಿ ಹಾಕಿಸ್ತೀನಿ, ಅದು ನಿಮ್ದೇ. ಬಂದೋರ್ಗೆ ತೋರ್ಸೋ ಕೆಲ್ಸ ಮಾತ್ರ..." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪು ಏನಿತ್ತು?

"ಆಯ್ತು ಮೇಷ್ಟ್ರೆ" ಎಂದರು ಆಪಾ. "ದುಪಟ್ಟಾ ಒಗ್ದು ಕಳಿಸ್ಲಾ?"

"ಅದಕ್ಕೂ ಮಿಷನ್ ತಂದಿದ್ದೀವಮ್ಮ."

"ಒಳ್ಳೇದಾಯ್ತು."

ಆ ದಿನದಿಂದ ಅವರು ಮಸೀದಿಗೇ ಹೋಗಲಿಲ್ಲ. ನಮಾಜಿಗೂ ಹೋಗಲಿಲ್ಲ. "ಕುರ್ಚಿ ಮೇಲೆ ಕೂತ್ರೆ ಬಂದೋರೆಲ್ಲ ನನ್ನೇ ನೋಡ್ತಾರೆ, ಮಸೀದಿ ನೋಡಲ್ಲ" ಎಂದರು. ಮನೆಯ ಮೂಲೆಯಲ್ಲಿ ಮತ್ತೆ ಚಾಪೆ ಬಿತ್ತು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆ ಭಾನುವಾರಗಳಲ್ಲಿ ಬೆಳಗಿನಿಂದ ಹಿತ್ತಲಲ್ಲಿ ಕೂತು ಕೈಯಲ್ಲಿ ಏನಾದರೂ ಬಟ್ಟೆ ಹಿಡಿದು ಮಡಿಸುವರು, ಬಿಡಿಸುವರು, ಮತ್ತೆ ಮಡಿಸುವರು. ಕಾಲು ಊದಿಕೊಂಡಿತು. ಊಟ ಸೇರುತ್ತಿರಲಿಲ್ಲ. ಡಾಕ್ಟರು ಕಿಡ್ನಿ ಎಂದರು. ಮಗಳು ಚನ್ನಪಟ್ಟಣಕ್ಕೆ ಬಾ ಎಂದು ಅತ್ತಳು. "ಇಲ್ಲಿಂದ ಬಾಂಗ್ ಕೇಳ್ತದೆ, ಬುಡು" ಎಂದರು. ಮಗಳೇ ಬಂದು ಉಳಿದುಕೊಂಡಳು.

ಹೋಗುವುದಕ್ಕೆ ಸ್ವಲ್ಪ ದಿನ ಮೊದಲು ನನ್ನನ್ನು ಕರೆದರು. "ಈ ಭಾನ್ವಾರ ನನ್ನ ಕರ್ಕೊಂಡೋಗು. ಬಾಗ್ಲಲ್ಲಿ ನಿಂತ್ಕೊಳೋಕಲ್ಲ. ನೋಡೋಕೆ ಬಂದೋರ ಜೊತೆ."

"ಎಲ್ರೂ ಗುರ್ತು ಹಿಡೀತಾರೆ ಆಪಾ."

"ಈಗ ಯಾರೋ ಹೊಸ ಹುಡ್ಗಿಯಂತೆ, ಕಾಲೇಜಿಗೆ ಹೋಗೋಳು. ಅವ್ಳಿಗೆ ನಾನ್ಯಾರು? ನಿನ್ನ ಶಾಲು ಕೊಡು, ಹೊದ್ಕೋತೀನಿ."

ಆಟೋದಲ್ಲಿ ಹೋದೆವು. ಇಳಿಸುವಾಗ ಮೈ ಹೂವಿನ ಹಾಗಿತ್ತು, ತೂಕವೇ ಇರಲಿಲ್ಲ. ಗೇಟಿನ ಕಾವಲಿನವನು ಗುರುತು ಹಿಡಿದು ಬಾಯಿ ತೆರೆದ. ನಾನು ಬೇಡ ಎಂದು ತಲೆಯಾಡಿಸಿದೆ. ಅವನು ಆ ಕಡೆ ತಿರುಗಿಕೊಂಡ, ಪುಣ್ಯಾತ್ಮ. ಹೆಂಗಸರ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಕತ್ತಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ದುಪಟ್ಟಾ. ಬಹಳ ಭಯಪಡುತ್ತಿದ್ದಳು, ದನಿಯಲ್ಲೇ ಗೊತ್ತಾಗುತ್ತಿತ್ತು.

"ಅಜ್ಜಿ, ಮೊದಲನೇ ಸಲ ಬರ್ತಾ ಇದ್ದೀರಾ?"

"ಹೂಂ ಕಣಮ್ಮ, ಮೊದಲ್ನೇ ಸಲ. ಎಲ್ಲಾನೂ ಹೇಳು, ನಿಧಾನಕ್ಕೆ ಹೇಳು" ಎಂದರು ಆಪಾ.

ಹುಡುಗಿ ಹೇಳಿದಳು. ಇಲ್ಲಿ ಮೂರ್ತಿ ಇರುವುದಿಲ್ಲ, ಈ ಕಮಾನು ನಮಾಜಿಗೆ ನಿಲ್ಲುವ ದಿಕ್ಕು ತೋರಿಸುತ್ತದೆ, ಸಾಲಿನಲ್ಲಿ ಸಾಹುಕಾರ ಕೂಲಿ ಎಂಬ ಭೇದ ಇಲ್ಲ. ನಡುವೆ ಮರೆತಳು, ಮೊಬೈಲ್ ನೋಡಿಕೊಂಡಳು. ಯಾರೋ ಇಷ್ಟೊಂದು ಫ್ಯಾನಿಗೆ ಕರೆಂಟ್ ಬಿಲ್ ಎಷ್ಟು ಬರುತ್ತದೆ ಎಂದು ಕೇಳಿ ಅವಳನ್ನು ಇನ್ನೂ ಗಾಬರಿ ಮಾಡಿದರು. ಆಪಾ ಒಂದು ಮಾತೂ ತಿದ್ದಲಿಲ್ಲ. ಕತ್ತು ಒಂದು ಕಡೆಗೆ ವಾಲಿಸಿ ಪಾಠ ಕೇಳುವ ಮಗುವಿನ ಹಾಗೆ ಕೇಳಿದರು. ಗುಮ್ಮಟದ ಕೆಳಗೆ ಹುಡುಗಿ "ಮೇಲೆ ನೋಡಿ" ಎಂದಳು. ಆಪಾ ಮುಖವೆತ್ತಿದರು. ಎಲ್ಲರೂ ನೋಡಿ ಮುಗಿಸಿ ಮುಂದೆ ಹೋದರು, ಅವರು ಇನ್ನೂ ಮುಖವೆತ್ತಿಕೊಂಡೇ ಇದ್ದರು. ನಾನು ಅವತ್ತು ಏನೂ ವರ್ಣಿಸಲಿಲ್ಲ.

ಹೊರಗೆ ಹೋಗುವ ಮುಂಚೆ ಹುಡುಗಿ ಎಲ್ಲರನ್ನೂ ನಿಲ್ಲಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದಳು. ಯಾರೂ ಕೇಳಲಿಲ್ಲ. ಆಪಾ ಕೈ ಎತ್ತಿದರು.

"ನಮ್ಮಂಥ ಹೆಂಗಸ್ರು ಬರ್ಬೋದಾ ಮಗ್ಳೇ, ಇಲ್ಲಿಗೆ? ಬಂದು ತಲೆ ಬಗ್ಗಿಸ್ಬೋದಾ?"

ಹುಡುಗಿಗೆ ಇದು ಗೊತ್ತಿದ್ದ ಪ್ರಶ್ನೆ. ಅವಳ ಮುಖ ಅರಳಿತು. ಹತ್ತಿರ ಬಂದು ಆಪಾ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬನ್ನಿ ಅಜ್ಜಿ, ಯಾವಾಗ್ ಬೇಕಾದ್ರೂ ಬನ್ನಿ. ಯಾರನ್ನೂ ಕೇಳ್ಬೇಕಾಗಿಲ್ಲ."

ಆಪಾ ಕೈ ಬಿಡಿಸಿಕೊಳ್ಳಲಿಲ್ಲ. "ಇನ್ನೊಂದ್ಸಲ ಹೇಳಮ್ಮ" ಎಂದರು.

ಅಜ್ಜಿಗೆ ಕಿವಿ ಮಂದ ಎಂದುಕೊಂಡಳೇನೋ ಪಾಪ, ಆ ಹುಡುಗಿ ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವ ಹಾಗೆ ಮತ್ತೆ ಹೇಳಿದಳು.